ರಾಜೀನಾಮೆ ಕೊಟ್ಟವರಿಗೆ ಅದೇ ಸದನದಲ್ಲಿ ಮಂತ್ರಿಗಿರಿ ಏಕೆ?

ಕರ್ನಾಟಕದ 15ನೇ ವಿಧಾನಸಭೆಯ ಮಾತು ಬಂದಾಗಲೆಲ್ಲ ನಾವು ಮುಖ್ಯಮಂತ್ರಿಗಳನ್ನು ಎಣಿಸುತ್ತೇವೆ. 2018ರ ಮೇ 17ರಂದು ಪ್ರಮಾಣವಚನ ಸ್ವೀಕರಿಸಿ 19ರಂದು ಬಹುಮತ ಸಾಬೀತಿಗೆ ಮುನ್ನವೇ ರಾಜೀನಾಮೆ ಕೊಟ್ಟ ಯಡಿಯೂರಪ್ಪ, 14 ತಿಂಗಳು ಮೈತ್ರಿ ಸರ್ಕಾರ ನಡೆಸಿದ ಕುಮಾರಸ್ವಾಮಿ, ಮತ್ತೆ ಎರಡು ವರ್ಷ ಯಡಿಯೂರಪ್ಪ, ಕೊನೆಗೆ ಬೊಮ್ಮಾಯಿ. ಆ ಅವಧಿಯಲ್ಲಿ ಶಾಸಕರೇ ಇಲ್ಲದೆ ದಿನ ದೂಡಿದ ಕ್ಷೇತ್ರಗಳ ಲೆಕ್ಕ ಇಟ್ಟವರು ಮಾತ್ರ ಕಡಿಮೆ.

2019ರ ಜುಲೈ ಕೊನೆಯ ವಾರದಲ್ಲಿ ಸ್ಪೀಕರ್ ರಮೇಶ್ ಕುಮಾರ್ 17 ಶಾಸಕರನ್ನು ಅನರ್ಹಗೊಳಿಸಿದರು. ಅವರಲ್ಲಿ ಅಥಣಿ, ಕಾಗವಾಡ, ಗೋಕಾಕದ ಪ್ರತಿನಿಧಿಗಳೂ ಇದ್ದರು. ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆಗಳು ಉಕ್ಕಿ ಹರಿದವು. ಮನೆ, ದನಕರು, ಕಬ್ಬಿನ ಗದ್ದೆ ಕಳೆದುಕೊಂಡು ಗಂಜಿ ಕೇಂದ್ರ ಸೇರಿದ ಆ ಮೂರೂ ಕಡೆಯ ಜನರಿಗೆ ಸದನದಲ್ಲಿ ದನಿಯೆತ್ತಲು ಶಾಸಕರಿರಲಿಲ್ಲ. ಬೆಂಗಳೂರಿನಲ್ಲಿ ಸಂಪುಟವೂ ಇರಲಿಲ್ಲ. ಆಗಸ್ಟ್ 20ರವರೆಗೆ ಮುಖ್ಯಮಂತ್ರಿಯೊಬ್ಬರೇ ಸರ್ಕಾರ. ಉಪಚುನಾವಣೆ ನಡೆದದ್ದು ಡಿಸೆಂಬರ್ 5ಕ್ಕೆ, ಅದೂ 15 ಕ್ಷೇತ್ರಗಳಿಗೆ ಮಾತ್ರ. ಚುನಾವಣಾ ತಕರಾರು ಅರ್ಜಿ ಹೈಕೋರ್ಟ್‌ನಲ್ಲಿತ್ತೆಂದು ರಾಜರಾಜೇಶ್ವರಿ ನಗರ 2020ರ ನವೆಂಬರ್‌ವರೆಗೆ ಕಾಯಿತು. ರಾಯಚೂರು ಜಿಲ್ಲೆಯ ಮಸ್ಕಿ 2021ರ ಮೇ ತಿಂಗಳವರೆಗೆ ಕಾಯಿತು. ಕೊರೊನಾದ ಮೊದಲ ಅಲೆ, ಲಾಕ್‌ಡೌನ್, ಊರಿಗೆ ಮರಳಿದ ಕೂಲಿಕಾರರ ಪಾಡು, ಎಲ್ಲವೂ ಮಸ್ಕಿಯವರಿಗೆ ಶಾಸಕರಿಲ್ಲದ ಕಾಲದಲ್ಲೇ ಕಳೆದುಹೋಯಿತು.

ಈ ಕ್ಷೇತ್ರಗಳು ತೆರವಾದದ್ದು ಹೇಗೆಂಬುದನ್ನು ನಾಡು ಕಣ್ಣಾರೆ ಕಂಡಿದೆ. ರಾಜೀನಾಮೆ ಕೊಟ್ಟ ಮೈತ್ರಿ ಪಕ್ಷಗಳ ಶಾಸಕರು ಮುಂಬೈನ ಹೋಟೆಲಿನೊಳಗೆ. ಅವರನ್ನು ಕಾಣಲು ಹೋದ ಡಿ.ಕೆ. ಶಿವಕುಮಾರ್ ಪೊಲೀಸರ ತಡೆಯಿಂದಾಗಿ ಮಳೆಯಲ್ಲಿ ಹೊರಗೆ. ಮರುದಿನ ಸುಪ್ರೀಂ ಕೋರ್ಟ್ ಹೇಳಿದ ಸಂಜೆ ಆರರ ಗಡುವಿಗೆ ವಿಮಾನವಿಳಿದು, ವಿಧಾನಸೌಧದ ಮೊಗಸಾಲೆಯಲ್ಲಿ ಏದುಸಿರು ಬಿಡುತ್ತ ಸ್ಪೀಕರ್ ಕಚೇರಿಗೆ ಓಡಿದ ಜನಪ್ರತಿನಿಧಿಯನ್ನೂ ಟಿವಿಯಲ್ಲಿ ನೋಡಿದೆವು. ಪ್ರವಾಹದ ಊರಿಗೆ ಆ ವೇಗದಲ್ಲಿ ಯಾರಾದರೂ ಓಡಿದ್ದರೆ! ಜುಲೈ 23ರಂದು ವಿಶ್ವಾಸಮತದ ಪರ 99, ವಿರುದ್ಧ 105 ಮತ ಬಿದ್ದು ಸರ್ಕಾರ ಉರುಳಿತು.

ಸುಪ್ರೀಂ ಕೋರ್ಟ್ ಅದೇ ನವೆಂಬರ್ 13ರಂದು ಅನರ್ಹತೆಯನ್ನು ಎತ್ತಿಹಿಡಿಯಿತು. 2023ರವರೆಗೆ ಸ್ಪರ್ಧಿಸಬಾರದೆಂಬ ಸ್ಪೀಕರ್ ಆದೇಶದ ಭಾಗವನ್ನು ಮಾತ್ರ ರದ್ದುಮಾಡಿತು. ಹಾಗೆ ನಿರ್ಬಂಧಿಸುವ ಅಧಿಕಾರ ಸ್ಪೀಕರ್‌ಗೆ ಇಲ್ಲ ಎಂಬುದು ಕಾನೂನಿನ ದೃಷ್ಟಿಯಲ್ಲಿ ಸರಿಯೇ. ನನ್ನ ತಕರಾರು ಕಾನೂನಿನ ಮೇಲೆಯೇ. 2003ರಲ್ಲಿ 91ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ 164(1ಬಿ) ವಿಧಿಯ ಪ್ರಕಾರ, ಪಕ್ಷಾಂತರಕ್ಕಾಗಿ ಅನರ್ಹಗೊಂಡವರು ತಮ್ಮ ಅವಧಿ ಮುಗಿಯುವವರೆಗೆ ಮಂತ್ರಿಯಾಗುವಂತಿಲ್ಲ. ಆದರೆ ಅದೇ ವಿಧಿ ಮುಂದುವರಿದು, ಅಷ್ಟರಲ್ಲಿ ಚುನಾವಣೆಯಲ್ಲಿ ಗೆದ್ದರೆ ನಿರ್ಬಂಧ ಅಂದಿಗೇ ಮುಗಿಯಿತು ಎನ್ನುತ್ತದೆ. ಮುಂಬಾಗಿಲಿಗೆ ಬೀಗ ಜಡಿದು ಹಿತ್ತಿಲ ಬಾಗಿಲು ತೆರೆದಿಟ್ಟಂತೆ.

ಆ ಬಾಗಿಲಿನಿಂದ ಬಂದವರು ಬಹಳ. ಉಪಚುನಾವಣೆಯಲ್ಲಿ ಬಿಜೆಪಿ ಗೆದ್ದ 12 ಸ್ಥಾನಗಳಲ್ಲಿ 11ರಲ್ಲಿ ಗೆದ್ದವರು ಅನರ್ಹ ಶಾಸಕರೇ. 2020ರ ಫೆಬ್ರುವರಿ 6ರಂದು ಅವರಲ್ಲಿ 10 ಮಂದಿ ಮಂತ್ರಿಗಳಾದರು. ಹೊಸಕೋಟೆಯಲ್ಲಿ ಜನರಿಂದ ತಿರಸ್ಕೃತರಾದ ಎಂ.ಟಿ.ಬಿ. ನಾಗರಾಜ್, ಸ್ಪರ್ಧಿಸದೇ ಇದ್ದ ಆರ್. ಶಂಕರ್ ಇಬ್ಬರೂ ಶಾಸಕರ ಕೋಟಾದಿಂದ ಅವಿರೋಧವಾಗಿ ವಿಧಾನ ಪರಿಷತ್ ಸೇರಿ 2021ರ ಜನವರಿಯಲ್ಲಿ ಮಂತ್ರಿಗಳಾದರು. ಹುಣಸೂರಿನಲ್ಲಿ ಸೋತ ಎಚ್. ವಿಶ್ವನಾಥ್‌ಗೆ ಮಾತ್ರ ಬಾಗಿಲು ತೆರೆಯಲಿಲ್ಲ. ಅವರು ಪರಿಷತ್ತಿಗೆ ನಾಮನಿರ್ದೇಶನಗೊಂಡವರು, ಚುನಾಯಿತರಲ್ಲ ಎಂದು ಹೈಕೋರ್ಟ್ ತಡೆಯಿತು. ಮೂವರ ತಪ್ಪೂ ಒಂದೇ. ಪರಿಷತ್ತಿಗೆ ಹೋದ ದಾರಿ ಬೇರೆಯಾದ್ದರಿಂದ ಫಲವೂ ಬೇರೆಯಾಯಿತು.

ರಾಜೀನಾಮೆ ಶಾಸಕರ ಹಕ್ಕು, ಅವರನ್ನು ಜನರೇ ಮತ್ತೆ ಗೆಲ್ಲಿಸಿದ್ದಾರಲ್ಲ ಎಂಬುದು ಈ ವ್ಯವಸ್ಥೆಯ ಸಮರ್ಥಕರ ಮಾತು. ರಾಜೀನಾಮೆಯ ಹಕ್ಕನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಗೆದ್ದರೆ ಮಂತ್ರಿ ಎಂಬ ಖಾತರಿ ಹಿಡಿದು ಬಂದ ಅಭ್ಯರ್ಥಿಯ ಮುಂದೆ ಮತದಾರ ರಸ್ತೆ, ನೀರಾವರಿ, ಆಸ್ಪತ್ರೆಯ ಆಸೆಯಿಂದ ಒತ್ತಿದ ಮತವನ್ನು ಪಕ್ಷಾಂತರಕ್ಕೆ ಕೊಟ್ಟ ಸಮ್ಮತಿ ಎನ್ನುವುದು ಆ ಮತದಾರನಿಗೇ ಮಾಡುವ ಅನ್ಯಾಯ. 110 ಸ್ಥಾನ ಗೆದ್ದು ಬಹುಮತಕ್ಕೆ ಮೂರು ಕಡಿಮೆಯಿದ್ದ 2008ರಲ್ಲಿ ಬಿಜೆಪಿ ‘ಆಪರೇಷನ್ ಕಮಲ’ ಹೂಡಿದಾಗಲೂ ಸೂತ್ರ ಇದೇ ಆಗಿತ್ತು: ರಾಜೀನಾಮೆ, ಉಪಚುನಾವಣೆ, ಅಧಿಕಾರ. ನಾಳೆ ಇದನ್ನು ಕಾಂಗ್ರೆಸ್ ಬಳಸಿದರೂ ನಾನು ಇದನ್ನೇ ಬರೆಯುತ್ತೇನೆ.

164(1ಬಿ)ಯಲ್ಲಿ ಮರುಚುನಾವಣೆಯ ವಿನಾಯಿತಿ ಹೋಗಬೇಕು. ಅನರ್ಹಗೊಂಡವರು, ಪಕ್ಷ ಬದಲಿಸಲೆಂದು ರಾಜೀನಾಮೆ ಕೊಟ್ಟವರು ಆ ವಿಧಾನಸಭೆಯ ಉಳಿದ ಅವಧಿಯಲ್ಲಿ ಮಂತ್ರಿಯಾಗುವಂತಿರಬಾರದು, ನಿಗಮ ಮಂಡಳಿಯ ಅಧ್ಯಕ್ಷರೂ ಆಗುವಂತಿರಬಾರದು. ಚುನಾವಣೆಗೆ ನಿಲ್ಲಲಿ, ಗೆಲ್ಲಲಿ, ಸದನದಲ್ಲಿ ಸಾಮಾನ್ಯ ಸದಸ್ಯರಾಗಿ ಕೂರಲಿ. ತತ್ವಕ್ಕಾಗಿ ಪಕ್ಷ ಬಿಟ್ಟವರಿಗೆ ಇದರಿಂದ ನಷ್ಟವೇನಿಲ್ಲ. ತಿದ್ದುಪಡಿ ಸಂಸತ್ತಿನ ಕೆಲಸ ನಿಜ. ಅದಕ್ಕಾಗಿ ಒತ್ತಾಯಿಸಿ ನಿರ್ಣಯ ಕಳುಹಿಸುವುದು ನಮ್ಮ ವಿಧಾನಸಭೆಯ ಕೈಯಲ್ಲೇ ಇದೆ. ಇದಕ್ಕೆ ಜನರ ಬೆಂಬಲ ಇರದು ಎನ್ನುವವರು 2021ರ ಮೇ 2ರ ಫಲಿತಾಂಶ ನೋಡಲಿ. ಆಡಳಿತ ಪಕ್ಷದ ಟಿಕೆಟ್ ಹಿಡಿದು ಬಂದ ತಮ್ಮ ಹಳೆಯ ಶಾಸಕರನ್ನು ಮಸ್ಕಿಯ ಮತದಾರರು 30 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು.