ಕಾರಿನ ಮೂತಿಗೆ ಕಬ್ಬಿಣದ ಬೇಲಿ ಯಾಕ್ರೇ?

ಹೋದ ತಿಂಗಳು ನನ್ನ ತಂಗಿ ಮಗ ಹೊಸ ಕಾರು ತಗೊಂಡ. ತರೀಕೆರೆಯಿಂದ ಕಡೂರಿಗೆ ಬಂದು ನಮ್ಮ ಬಾಗ್ಲಲ್ಲಿ ನಿಲ್ಸಿದ. ಆರತಿ ಎತ್ತೋಕೆ ಹೋದ್ರೆ ಮುಂದೆ ದಪ್ಪ ಕಬ್ಬಿಣದ ಗಾರ್ಡು! "ಕಂಪನಿ ಬಂಪರ್ ಬರೀ ಪ್ಲಾಸ್ಟಿಕ್ ದೊಡ್ಡಮ್ಮ, ಬಿ.ಎಚ್. ರೋಡಲ್ಲಿ ದನ ಅಡ್ಡ ಬಂದ್ರೆ ಪುಡಿಪುಡಿ" ಅಂದ. ಪಕ್ಕದ್ಮನೆ ಯಜಮಾನ್ರೂ "ಅಂಬಾಸಡರ್ ಕಾಲ್ದಲ್ಲಿ ಬಂಪರ್ ಅಂದ್ರೆ ಉಕ್ಕು" ಅಂತ ತಲೆ ಆಡಿಸಿದ್ರು. ಅಲ್ಲೇ ಜಗಳ ತೆಗೆದೆ, ಇಲ್ಲೂ ತೆಗೀತೀನಿ.

ಗಟ್ಟಿ ಇದ್ದದ್ದೆಲ್ಲ ಕಾಪಾಡಲ್ಲ ಕಣ್ರೇ. ಬಾವಿಯಿಂದ ಕೊಡ ಹೊತ್ತೋರು ನಾವು. ತಲೆ ಮೇಲೆ ಬಟ್ಟೆ ಸಿಂಬೆ ಇಟ್ಕೊತಿದ್ವಾ, ಕಬ್ಬಿಣದ ಬಳೆ ಇಟ್ಕೊತಿದ್ವಾ? ಕಾರಲ್ಲೂ ಅದೇ ಲೆಕ್ಕ. ಹೊರಗೆ ಕಾಣೋ ಪ್ಲಾಸ್ಟಿಕ್ ಬರೀ ಹೊದಿಕೆ. ಅದರ ಹಿಂದೆ ಎಷ್ಟೋ ಕಾರಲ್ಲಿ ಥರ್ಮಾಕೋಲ್ ಥರದ ಫೋಮ್, ಆಮೇಲೆ ಉಕ್ಕಿಂದೋ ಅಲ್ಯೂಮಿನಿಯಂದೋ ಅಡ್ಡಪಟ್ಟಿ, ಅದರ ಹಿಂದೆ ಗುದ್ದಿದ್ರೆ ಮುದುರಿಕೊಳ್ಳೋ ಡಬ್ಬಿಗಳು. ಕಬ್ಬಿಣ ಬೇಡ ಅಂತಲ್ಲ, ಅದು ಇರಬೇಕಾದ ಜಾಗದಲ್ಲಿ ಇದೆ. ಎಲ್ಲ ಒಂದೊಂದಾಗಿ ಮುದುರ್ತಾ ಪೆಟ್ಟು ನುಂಗ್ತವೆ, ಕಾರು ಚೂರು ತಡವಾಗಿ ನಿಲ್ಲುತ್ತೆ. ಕಣ್ಣು ಮಿಟುಕಿಸೋ ಅಷ್ಟು ಹೊತ್ತೂ ಅಲ್ಲ, ಆದ್ರೆ ಪಕ್ಕೆಲುಬು ಉಳಿಸೋದು ಅದೇ.

ಗಾರ್ಡು ಹಾಗೆ ಮುದುರಲ್ಲ. ಚಾಸಿಗೇ ಬೋಲ್ಟ್ ಹಾಕಿರ್ತಾರೆ. ಪೆಟ್ಟು ಸೀದಾ ಚಾಸಿಗೆ, ಅಲ್ಲಿಂದ ಒಳಗೆ ಕೂತೋರಿಗೆ. ಏರ್‌ಬ್ಯಾಗಿನ ಸೆನ್ಸರ್ ಲೆಕ್ಕವೂ ತಪ್ಪಿ, ಹೊತ್ತಿಗೆ ಸರಿಯಾಗಿ ಬಿಚ್ಚದೇ ಹೋಗಬಹುದು. ವೇಗ 30 ಇದ್ದದ್ದು 60 ಆದ್ರೆ ಪೆಟ್ಟಿನ ಶಕ್ತಿ ನಾಲ್ಕು ಪಟ್ಟು, ನೆನಪಿಡಿ.

ಇದು ಒಳಗಿನೋರ ಮಾತು. ಹೊರಗಿನೋರು? ಅಜ್ಜಂಪುರದಲ್ಲಿ ನಮ್ಮ ನಾದಿನಿ ಮಗಳಿಗೆ ಇಂಥದ್ದೇ ಗಾರ್ಡು ತಾಗಿತ್ತು. ಕಾರು ನಿಧಾನಕ್ಕೇ ಬರ್ತಿತ್ತು. ಹುಡುಗಿ ಮೊಣಕಾಲ ಮೂಳೆ ಮುರಿದು ಮೂರು ತಿಂಗಳು ಮಂಚ ಹಿಡಿದ್ಲು. ಓಡಿಸ್ತಿದ್ದೋನು ಬಗ್ಗಿ ನೋಡಿ "ಸದ್ಯ, ಗಾಡಿಗೇನೂ ಆಗಿಲ್ಲ" ಅಂದನಂತೆ. ಆ ಮಾತು ಇವತ್ತಿಗೂ ನನ್ನ ಹೊಟ್ಟೆ ಉರಿಸುತ್ತೆ.

ಕೇಂದ್ರ ಸಾರಿಗೆ ಇಲಾಖೆ 2017ರ ಡಿಸೆಂಬರ್‌ನಲ್ಲೇ ಎಲ್ಲ ರಾಜ್ಯಗಳಿಗೂ ಪತ್ರ ಬರೆದು, ಈ ಗಾರ್ಡುಗಳು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ವಿರುದ್ಧ, ಕ್ರಮ ತಗೊಳ್ಳಿ ಅಂದಿದೆ. ಆದ್ರೂ ಹಾಕೋರು ಹಾಕ್ತಾನೇ ಇದಾರೆ, ಹಾಕಿಸ್ಕೊಳ್ಳೋರು ನಮ್ಮನೆ ಗಂಡುಮಕ್ಕಳೇ.

ಬಂಪರ್ ಒಡೆದ್ರೆ ಅಂಗಡಿಯಲ್ಲಿ ಇನ್ನೊಂದು ಸಿಗುತ್ತೆ. ತಂಗಿ ಮಗ ಇನ್ನೂ ಗಾರ್ಡು ತೆಗ್ಸಿಲ್ಲ. ತೆಗ್ಸೋವರೆಗೂ ನಾನು ಆ ಕಾರು ಹತ್ತಲ್ಲ, ಮದುವೆ ಇದ್ರೂ ಬಸ್ಸಲ್ಲೇ ಹೋಗ್ತೀನಿ. ನಿಮ್ಮನೇಲೂ ಇದ್ರೆ ನಾಳೆನೇ ಬಿಚ್ಚಿಸಿ ಗುಜರಿಗೆ ಹಾಕ್ಸಿ.