ಆಲಿಸಬಲ್ಲವರೇ ರಾಷ್ಟ್ರನಾಯಕರು

ರಾಷ್ಟ್ರನಾಯಕರಲ್ಲಿ ಇರಬೇಕಾದ ಗುಣಗಳಾವುವು ಎಂದು ಕೇಳಿದರೆ ಧೈರ್ಯ, ದೃಢ ನಿರ್ಧಾರ, ವಾಕ್ಚಾತುರ್ಯ ಎಂಬ ಉತ್ತರಗಳು ತಕ್ಷಣ ಬರುತ್ತವೆ. ಶಾಲೆಯ ಭಾಷಣ ಸ್ಪರ್ಧೆಗಳಲ್ಲಿಯೂ ಚುನಾವಣಾ ವೇದಿಕೆಗಳಲ್ಲಿಯೂ ಮೊಳಗುವುದು ಇವೇ ಮಾತುಗಳು. ಆಲಿಸುವ ಗುಣವನ್ನು ಎಣಿಸುವವರು ವಿರಳ. ಆದರೆ ಮತದಾರರ ಸಂಖ್ಯೆ ಕಡಿಮೆಯಿರುವ, ರಾಜಧಾನಿಗಳಿಂದ ದೂರವಿರುವ ಬೆಟ್ಟದ ನಾಡಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾದುದು ಈ ಗುಣವೇ.

ಇಂದಿರಾ ಗಾಂಧಿಯವರ ಆಡಳಿತ ಇದಕ್ಕೆ ಎರಡು ಬಗೆಯ ಸಾಕ್ಷ್ಯವನ್ನು ಒದಗಿಸುತ್ತದೆ. 1971ರ ಯುದ್ಧದಲ್ಲಿ ಅವರು ತೋರಿದ ದಿಟ್ಟತನವನ್ನು ದೇಶ ಕೊಂಡಾಡಿತು. ಅದೇ ದಿಟ್ಟತನ 1975ರ ಜೂನ್‌ನಲ್ಲಿ ತುರ್ತುಪರಿಸ್ಥಿತಿಯ ರೂಪ ತಾಳಿತು. ವಿರೋಧ ಪಕ್ಷಗಳ ಮುಖಂಡರು ಸೆರೆಮನೆ ಸೇರಿದರು, ಪತ್ರಿಕೆಗಳ ಬಾಯಿ ಕಟ್ಟಲಾಯಿತು. ಭಿನ್ನಮತ ಕಿವಿಗೆ ಬೀಳುವ ದಾರಿಗಳನ್ನೆಲ್ಲ ತಾನೇ ಮುಚ್ಚಿಕೊಂಡ ಸರ್ಕಾರಕ್ಕೆ ಜನರ ಮನಸ್ಸು ತಿಳಿದದ್ದು 1977ರ ಚುನಾವಣೆಯ ಸೋಲಿನಿಂದ. ಮರುವರ್ಷ ಅವರನ್ನು ಲೋಕಸಭೆಗೆ ಮರಳಿ ಕಳುಹಿಸಿದ್ದು ಮಲೆನಾಡಿನ ಚಿಕ್ಕಮಗಳೂರು ಕ್ಷೇತ್ರ.

1980ರಲ್ಲಿ ಅವರು ಮತ್ತೆ ಪ್ರಧಾನಿಯಾದಾಗ ಸೈಲೆಂಟ್ ವ್ಯಾಲಿಯ ವಿವಾದ ಇತ್ಯರ್ಥಕ್ಕೆ ಕಾದಿತ್ತು. ಕೇರಳದ ಪಾಲಕ್ಕಾಡ್ ಜಿಲ್ಲೆಯ ಕುಂತಿಪುಳ ನದಿಗೆ ಅಣೆಕಟ್ಟು ಕಟ್ಟಿ ವಿದ್ಯುತ್ ಉತ್ಪಾದಿಸುವುದು ಅಲ್ಲಿನ ವಿದ್ಯುತ್ ಮಂಡಳಿಯ ಯೋಜನೆ. ಅದು ಜಾರಿಯಾಗಿದ್ದರೆ ಸಿಂಗಳೀಕಗಳ ನೆಲೆಯಾದ ನಿತ್ಯಹರಿದ್ವರ್ಣ ಕಾಡಿನ 800ಕ್ಕೂ ಹೆಚ್ಚು ಹೆಕ್ಟೇರ್ ಮುಳುಗುತ್ತಿತ್ತು. ರಾಜ್ಯ ಸರ್ಕಾರವೂ ಯೋಜನೆಯ ಪರವಾಗಿತ್ತು. ವಿರೋಧಿಸಿದವರು ಶಿಕ್ಷಕರು, ವಿಜ್ಞಾನಿಗಳು, ಕವಯಿತ್ರಿ ಸುಗತಕುಮಾರಿ ಅವರಂಥ ಸಾಹಿತಿಗಳು. ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಘೋಷಣೆ ಕೂಗುವುದಕ್ಕಷ್ಟೇ ನಿಲ್ಲದೆ, ಯೋಜನೆಯ ತಾಂತ್ರಿಕ ಹಾಗೂ ಆರ್ಥಿಕ ಲೆಕ್ಕಗಳನ್ನೇ ಪರಿಶೀಲಿಸಿ ಜನರ ಮುಂದಿಟ್ಟಿತು.

ಇಂದಿರಾ ಅವರು ಅವಸರದ ತೀರ್ಪು ನೀಡಲಿಲ್ಲ. ವಿಜ್ಞಾನಿ ಎಂ.ಜಿ.ಕೆ. ಮೆನನ್ ಅವರ ಅಧ್ಯಕ್ಷತೆಯ ಸಮಿತಿ ವಿಷಯವನ್ನು ಪರಿಶೀಲಿಸಿತು. 1983ರಲ್ಲಿ ಯೋಜನೆಯನ್ನು ಕೈಬಿಡಲಾಯಿತು. ಆಗ ಕೇರಳದಲ್ಲಿದ್ದುದು ಅವರದೇ ಪಕ್ಷದ ನೇತೃತ್ವದ ಸರ್ಕಾರ ಎಂಬುದು ಗಮನಾರ್ಹ. 1984ರಲ್ಲಿ ಕಣಿವೆಯನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ಸುಮಾರು 90 ಚದರ ಕಿಲೋಮೀಟರಿನ ಆ ಕಾಡು ಇಂದಿಗೂ ಉಳಿದಿದೆ.

ಆಲಿಸುವ ನಾಯಕರು ದುರ್ಬಲರೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಸೈಲೆಂಟ್ ವ್ಯಾಲಿಯ ಪ್ರಕರಣ ಇದನ್ನು ಸುಳ್ಳಾಗಿಸುತ್ತದೆ. ಆಲಿಸುವುದೆಂದರೆ ಗದ್ದಲಕ್ಕೆ ಮಣಿಯುವುದಲ್ಲ. ವಿದ್ಯುತ್ತಿನ ಅಗತ್ಯ, ಕಾಡಿನ ಬೆಲೆ ಎರಡನ್ನೂ ತೂಗಿ ನೋಡಿ, ಬಳಿಕ ಸ್ವಂತ ಪಕ್ಷದವರ ಅಸಮಾಧಾನವನ್ನೂ ಹೊರುವುದು. ಅದಕ್ಕೆ ಬೇಕಾದ ಧೈರ್ಯ ಸಾಮಾನ್ಯವಾದುದಲ್ಲ. ಇಂದಿರಾ ಅವರ ಆಡಳಿತದಲ್ಲಿಯೇ ಬೇರೆಡೆ ಅನೇಕ ಅಣೆಕಟ್ಟುಗಳು ಎದ್ದವು ಎಂಬುದೂ ನಿಜ. ಆದ್ದರಿಂದ ಇದು ವ್ಯಕ್ತಿಪೂಜೆಯ ಮಾತಲ್ಲ. ಒಬ್ಬರೇ ವ್ಯಕ್ತಿ ಕಿವಿ ಮುಚ್ಚಿದಾಗ ದೇಶಕ್ಕೆ ಕೇಡಾಯಿತು, ಕಿವಿಗೊಟ್ಟಾಗ ಒಂದು ಕಾಡು ಉಳಿಯಿತು ಎಂಬುದಷ್ಟೇ ಇಲ್ಲಿನ ಪಾಠ.

ಈ ಪಾಠದ ಇನ್ನೊಂದು ಭಾಗ ಜನರಿಗೆ ಸೇರಿದ್ದು. ಖಚಿತವಾದ ಲೆಕ್ಕ, ಸಾಕ್ಷ್ಯಗಳೊಡನೆ ಮಾತನಾಡುವವರು ಇಲ್ಲದಿದ್ದರೆ ನಾಯಕರಾದರೂ ಏನನ್ನು ಆಲಿಸಿಯಾರು? ತಮ್ಮೂರಿನ ಹಳ್ಳ, ಕಾಡು, ಮಳೆಗಳ ವಿವರವನ್ನು ವಿದ್ಯಾರ್ಥಿಗಳು ಈಗಲೇ ದಾಖಲಿಸತೊಡಗಲಿ. ಮತ ಕೇಳಲು ಬರುವವರ ಮಾತಿನ ಅಬ್ಬರವನ್ನಲ್ಲ, ಒಪ್ಪದ ಮಾತನ್ನು ಕೇಳಿಸಿಕೊಳ್ಳುವ ಅವರ ತಾಳ್ಮೆಯನ್ನು ಹಳ್ಳಿಗಳು ಪರೀಕ್ಷಿಸಲಿ.