ಆಪ್ ಬಂದ್ ಆದ ಮೇಲೂ ಬರುವ ತುಡಿತ: ಆಣೆ, ಬೈಗುಳಕ್ಕಿಂತ ಕೆಲಸಕ್ಕೆ ಬರುವುದೇನು?

ನಿಮ್ಮ ಮನೆಯಲ್ಲಿ ಯಾರಾದರೂ ಆನ್‌ಲೈನ್ ರಮ್ಮಿ, ಫ್ಯಾಂಟಸಿ ಕ್ರಿಕೆಟ್ ಅಥವಾ ಬೆಟ್ಟಿಂಗ್ ಆಪ್‌ನಲ್ಲಿ ದುಡ್ಡು ಕಳೆದುಕೊಂಡಿದ್ದರೆ, 2025ರ ಆಗಸ್ಟ್‌ನಲ್ಲಿ ಬಂದ ಸುದ್ದಿ ಕೇಳಿ ಒಮ್ಮೆ ನಿಟ್ಟುಸಿರು ಬಿಟ್ಟಿರುತ್ತೀರಿ. ಹಣ ಕಟ್ಟಿ ಆಡುವ ಎಲ್ಲ ಆನ್‌ಲೈನ್ ಆಟಗಳನ್ನು, ಅದೃಷ್ಟದ್ದಿರಲಿ ಕೌಶಲದ್ದಿರಲಿ, ನಿಷೇಧಿಸುವ ಮಸೂದೆ ಆ ತಿಂಗಳ 20ರಂದು ಲೋಕಸಭೆಯಲ್ಲಿ, ಮರುದಿನ ರಾಜ್ಯಸಭೆಯಲ್ಲಿ ಪಾಸಾಯಿತು. 22ಕ್ಕೆ ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಡ್ರೀಮ್11 ಸೇರಿದಂತೆ ದೊಡ್ಡ ಕಂಪನಿಗಳು ಹಣದ ಆಟಗಳನ್ನು ನಿಲ್ಲಿಸಿದವು. ಭಾರತ ಕ್ರಿಕೆಟ್ ತಂಡದ ಜೆರ್ಸಿಯಿಂದಲೂ ಆ ಹೆಸರು ಹೋಯಿತು. ಕಂಪನಿಗಳು ಕಾನೂನನ್ನು ಪ್ರಶ್ನಿಸಿ ಬೇರೆ ಬೇರೆ ಹೈಕೋರ್ಟ್‌ಗಳಿಗೆ ಹೋದವು; ಆ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ತನ್ನ ಬಳಿಗೆ ತರಿಸಿಕೊಂಡಿತು. ರೋಗಿಗಳ ಮನೆಯವರು ಗಮನಿಸಬೇಕಾದ ಅಂಶ ಒಂದಿದೆ: ಈ ಕಾನೂನಿನಲ್ಲಿ ಶಿಕ್ಷೆ ಇರುವುದು ಆಟ ನಡೆಸುವವರಿಗೆ, ಜಾಹೀರಾತು ಮಾಡುವವರಿಗೆ, ಹಣ ಸಾಗಿಸಿ ಕೊಡುವವರಿಗೆ. ಆಡಿದವರಿಗೆ ಇಲ್ಲ. ಆದ್ದರಿಂದ ಪೊಲೀಸರ ಭಯದಿಂದ ಚಿಕಿತ್ಸೆಗೆ ಹೋಗದೆ ಕೂರಬೇಡಿ.

ನಾನು ಹೈದರಾಬಾದಿನ ಕುಷಾಯಿಗೂಡದಲ್ಲಿ ಫಾರ್ಮಸಿಸ್ಟ್. ಔಷಧಗಳ ಮಾಹಿತಿಯನ್ನು ಕನ್ನಡಕ್ಕೆ ತರುವುದು ಇನ್ನೊಂದು ಕೆಲಸ. ಇಲ್ಲಿನ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ದುಡಿಯುವ ಬೀದರ್, ಕಲಬುರಗಿ ಕಡೆಯವರು ಕನ್ನಡ ಕೇಳಿಸಿದರೆ ಕೌಂಟರಿನಲ್ಲಿ ಎರಡು ನಿಮಿಷ ಹೆಚ್ಚು ನಿಲ್ಲುತ್ತಾರೆ. ನಿಷೇಧದ ಸುದ್ದಿ ಬಂದು ಸ್ವಲ್ಪ ದಿನಗಳಾದ ಮೇಲೆ ಒಬ್ಬ ಹೆಣ್ಣುಮಗಳು ಬಂದು ಕೇಳಿದಳು: “ಅಕ್ಕಾ, ಆಟ ಬಿಡಸೋ ಗುಳಿಗಿ ಅದಾವೇನ್ರಿ?” ಆಪ್ ಬಂದ್ ಆಗಿತ್ತು. ಗಂಡ ರಾತ್ರಿ ಪಾಳಿ ಮುಗಿಸಿ ಬಂದು, ಟೆಲಿಗ್ರಾಂನಲ್ಲಿ ಯಾರೋ ಕಳಿಸಿದ ಲಿಂಕ್ ಒತ್ತಿ, ಬೇರೆ ಯಾವುದೋ ದೇಶದ ಆಪ್‌ನಲ್ಲಿ ಆಡುತ್ತಿದ್ದ. (ಇಲ್ಲಿ ಹೇಳುವ ಇಬ್ಬರ ವಿವರಗಳನ್ನೂ ಗುರುತು ಸಿಗದಂತೆ ಬದಲಿಸಿದ್ದೇನೆ.)

ನಿಷೇಧ ತೆಲಂಗಾಣಕ್ಕೆ ಹೊಸದಲ್ಲ. ಹಣದ ಆನ್‌ಲೈನ್ ರಮ್ಮಿಯನ್ನು ಈ ರಾಜ್ಯ 2017ರಲ್ಲೇ ನಿಷೇಧಿಸಿತ್ತು. ಕರ್ನಾಟಕ 2021ರಲ್ಲಿ ತಂದ ಇಂಥದೇ ಕಾನೂನಿನ ಮುಖ್ಯ ಭಾಗಗಳನ್ನು 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ರದ್ದು ಮಾಡಿತು. ಹಾಗಾಗಿ ಕೆಲವು ವರ್ಷ ವಿಚಿತ್ರ ಸ್ಥಿತಿ ಇತ್ತು. ಕುಷಾಯಿಗೂಡದಲ್ಲಿ ತೆರೆಯದ ಆಪ್, ಬಸ್ಸು ಜಹೀರಾಬಾದ್ ದಾಟಿ ಬೀದರ್ ಜಿಲ್ಲೆಗೆ ಕಾಲಿಟ್ಟರೆ ತೆರೆದುಕೊಳ್ಳುತ್ತಿತ್ತು. ಅಲ್ಲಿಯವರೆಗೂ ಕಾಯಲಾರದವರು ಫೋನಿನ ಲೊಕೇಶನ್ ಬದಲಿಸುವ ಉಪಾಯ ಹುಡುಕಿಕೊಂಡರು. ನಿಷೇಧ ಬೇಡವೆಂದು ನಾನು ಹೇಳುತ್ತಿಲ್ಲ. ದಾರಿಯಲ್ಲಿ ಬೇಲಿ ಇದ್ದರೆ ಹೊಸಬರು ಬೀಳುವುದು ಕಡಿಮೆಯಾಗುತ್ತದೆ. ಆದರೆ ಆಗಲೇ ಚಟಕ್ಕೆ ಬಿದ್ದವರ ತಲೆಯೊಳಗಿನ ತುಡಿತ ಸರ್ಕಾರದ ಗೆಜೆಟ್ ಓದುವುದಿಲ್ಲ.

ತುಡಿತ ಎಲ್ಲಿಂದ ಬರುತ್ತದೆ?

ಪ್ರತಿ ಸಲ ಗೆಲ್ಲುವ ಆಟ ಬೇಗ ಬೇಸರ ತರಿಸುತ್ತದೆ. ಪ್ರತಿ ಸಲ ಸೋಲುವುದನ್ನು ಜನ ಬಿಟ್ಟುಬಿಡುತ್ತಾರೆ. ಯಾವಾಗ ಗೆಲ್ಲುತ್ತೇವೆಂದು ಗೊತ್ತಾಗದ ಆಟವೇ ಬಿಡಲಾಗದಂತೆ ಹಿಡಿಯುವುದು. ಒಂದೇ ಎಲೆಯಿಂದ ತಪ್ಪಿದ ಸೋಲು ಮಿದುಳಿಗೆ ಅರ್ಧ ಗೆಲುವಿನಂತೆ ಕಾಣುತ್ತದೆ. ಕಾಲಕ್ರಮೇಣ ಆಟಕ್ಕಿಂತ ಅದರ ಸುಳಿವುಗಳೇ ಸಾಕಾಗುತ್ತವೆ: ಸಂಬಳ ಜಮೆಯಾದ ಮೆಸೇಜು, ಐಪಿಎಲ್‌ನ ಸಂಜೆಯ ಟಾಸ್, ಎಲ್ಲರೂ ಮಲಗಿದ ಹೊತ್ತು, ಸಾಲದವನ ಫೋನು. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಜೂಜಿನ ಚಟವನ್ನು ಮದ್ಯ ಮತ್ತು ಮಾದಕ ವಸ್ತುಗಳ ಚಟದ ಸಾಲಿಗೆ ಸೇರಿಸಿತು. 2022ರ ಜನವರಿಯಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿ-11ರಲ್ಲೂ ಅದು ಹಾಗೆಯೇ ಇದೆ. ಅಂದರೆ ಇದು ಚಿಕಿತ್ಸೆ ಇರುವ ಕಾಯಿಲೆ.

ನಮ್ಮ ಮನೆಗಳಲ್ಲಿ ಮಾತ್ರ ಮೊದಲ ಚಿಕಿತ್ಸೆ ಆಣೆ. ಮಗುವಿನ ತಲೆಯ ಮೇಲೆ ಕೈ ಇಡಿಸುತ್ತೇವೆ, ಮನೆದೇವರ ಮುಂದೆ ನಿಲ್ಲಿಸುತ್ತೇವೆ. ಆಣೆ ಮಾಡುವವನು ಆ ಗಳಿಗೆಯಲ್ಲಿ ಸುಳ್ಳು ಹೇಳುತ್ತಿರುವುದಿಲ್ಲ. ತೊಂದರೆ ಬರುವುದು ಹದಿನೈದು ದಿನ ಬಿಟ್ಟು, ನೂರು ರೂಪಾಯಿಯ ಒಂದು ಆಟ ಆಡಿದ ರಾತ್ರಿ. ನೂರು ರೂಪಾಯಿ ಹೋಗಿದ್ದು ಸಣ್ಣದು, ಆಣೆ ಮುರಿದದ್ದು ದೊಡ್ಡದು. “ನಾನು ಇಷ್ಟೇ, ಕೆಟ್ಟವನೇ, ಇನ್ನೇನು ಉಳಿಯಿತು” ಎಂಬ ಲೆಕ್ಕದಲ್ಲಿ ಬೆಳಗಾಗುವಷ್ಟರಲ್ಲಿ ಇಪ್ಪತ್ತು ಸಾವಿರ ಹೋಗಿರುತ್ತದೆ. ಚಟ ಮರುಕಳಿಸುವುದನ್ನು ಅಧ್ಯಯನ ಮಾಡಿದ ಮನಃಶಾಸ್ತ್ರಜ್ಞ ಅಲನ್ ಮಾರ್ಲಟ್ 1980ರ ದಶಕದಲ್ಲೇ ಇದನ್ನು ಗುರುತಿಸಿದ್ದರು. ಒಂದು ಸಲ ಜಾರುವುದು ಪೂರ್ತಿ ಬೀಳುವುದಾಗಿ ಬೆಳೆಯುವಲ್ಲಿ ಆಮೇಲೆ ಬರುವ ನಾಚಿಕೆ, ತನ್ನ ಮೇಲಿನ ತಿರಸ್ಕಾರಗಳ ಪಾಲು ದೊಡ್ಡದು ಎಂದರು.

ಹಾಗಾದರೆ ‘ಪರವಾಗಿಲ್ಲ ಬಿಡು’ ಎಂದು ತನಗೆ ತಾನೇ ಹೇಳಿಕೊಂಡರೆ ಸಾಕೇ? ಅದೂ ಸಾಲದು. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ, ಓದು ಮುಂದೂಡಿದ್ದಕ್ಕೆ ತಮ್ಮನ್ನು ಕ್ಷಮಿಸಿಕೊಂಡ ವಿದ್ಯಾರ್ಥಿಗಳು ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದರು ಎಂದು ಕಂಡರು. ಆದರೆ ಅದೇ ಬಳಗ 2012ರಲ್ಲಿ ಜೂಜಾಡುವವರನ್ನು ನೋಡಿದಾಗ ಫಲಿತಾಂಶ ತಿರುಗುಮುರುಗಾಗಿತ್ತು: ತಮ್ಮನ್ನು ಹೆಚ್ಚು ಕ್ಷಮಿಸಿಕೊಂಡವರಲ್ಲಿ ಬದಲಾಗುವ ತಯಾರಿ ಕಡಿಮೆ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ನಾನು ಕೌಂಟರಿನಲ್ಲಿ ಹೀಗೆ ಹೇಳುತ್ತೇನೆ: ಸಾಲ ಮನ್ನಾ ಮಾಡಿಕೊಳ್ಳಬೇಡಿ, ಕಂತು ಮಾಡಿಕೊಳ್ಳಿ. ತಪ್ಪಿನ ಬಾಕಿ ಇದೆ, ತೀರಿಸಬೇಕು. ಆದರೆ ಬಾಕಿದಾರನನ್ನು ಹೊಡೆದು ಹಾಕಿದರೆ ಕಂತು ಕಟ್ಟುವವರು ಯಾರು?

ತುಡಿತ ಬಂದ ಆ ಅರ್ಧ ಗಂಟೆ

ತುಡಿತ ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ಹೆಚ್ಚಿನವರಲ್ಲಿ 20–30 ನಿಮಿಷದ ವಿಷಯ. ಒಳಗಿದ್ದಾಗ ಮಾತ್ರ ಅದು ಮುಗಿಯುವುದೇ ಇಲ್ಲವೆನಿಸುತ್ತದೆ. ಆಗ ‘ಇನ್ನು ಜೀವಮಾನದಲ್ಲಿ ಆಡುವುದಿಲ್ಲ’ ಎಂಬಂಥ ದೊಡ್ಡ ನಿರ್ಧಾರ ಬೇಡ. ಅರ್ಧ ಗಂಟೆಯ ನಿರ್ಧಾರ ಸಾಕು. ಫೋನನ್ನು ಮನೆಯವರ ಕೈಗೆ ಕೊಟ್ಟು, ಹಾಲಿನ ಪ್ಯಾಕೆಟ್ ತರಲು ಹೋಗಿಬನ್ನಿ. ಎದೆ ಬಡಿತ, ಬೆರಳ ತುದಿಯ ಚಡಪಡಿಕೆಗಳನ್ನು ಗಮನಿಸಿ, ಅವುಗಳ ಜೊತೆ ಜಗಳಕ್ಕೆ ನಿಲ್ಲಬೇಡಿ. ಆಡಿದರೆ ಏನು ಸಿಗುತ್ತದೆ ಎಂಬುದನ್ನೂ ಪ್ರಾಮಾಣಿಕವಾಗಿ ಒಪ್ಪಿಕೊಳ್ಳಿ: ಹತ್ತು ನಿಮಿಷ ಸಾಲದ ಚಿಂತೆ ಮರೆಯುತ್ತದೆ, ಹೌದು. ನಾಳೆ ಬೆಳಿಗ್ಗೆ ಏನು ಸಿಗುತ್ತದೆ ಎಂಬುದನ್ನು ಅದರ ಪಕ್ಕದಲ್ಲಿಡಿ. ಎರಡನ್ನೂ ತೂಗಿ ನೋಡಿದವರಿಗೆ ಮಾಡಿದ ನಿರ್ಧಾರ ತನ್ನದು ಎನಿಸುತ್ತದೆ. ಹೆಂಡತಿಗೆ ಹೆದರಿ ಮಾಡಿದ್ದು, ಹೆಂಡತಿ ತವರಿಗೆ ಹೋದ ದಿನ ಉಳಿಯುವುದಿಲ್ಲ.

ಜಾರಿದ್ದೇ ಆದರೆ, ಕಳೆದದ್ದನ್ನು ವಾಪಸ್ ಗೆಲ್ಲಲು ಹೋಗುವ ಮುಂದಿನ ಆಟವೇ ದೊಡ್ಡ ಅಪಾಯ. ಹೋದ ಮೊತ್ತವನ್ನು ಕಾಗದದ ಮೇಲೆ ಬರೆಯಿರಿ. ಅದೇ ದಿನ ಒಬ್ಬರಿಗೆ ಹೇಳಿ. ಯಾವ ದಾರಿಯಿಂದ ಹೋಯಿತೋ, ಆ ಲಿಂಕ್, ಆ ಗುಂಪು, ಆ ಖಾತೆಯನ್ನು ಮುಚ್ಚಿ.

ಆರೈಕೆ ಮಾಡುವವರಿಗೆ: ಅವರು ಬಂದು ಹೇಳಿದ ದಿನ ಬೈಯಬೇಡಿ. ಬೈದರೆ ಮುಂದಿನ ಸಲ ಹೇಳುವುದಿಲ್ಲ, ಅಷ್ಟೇ. ಹಾಗೆಂದು ಒಡವೆ ಅಡವಿಟ್ಟು ಇಡೀ ಸಾಲವನ್ನು ಒಂದೇ ಸಲ ತೀರಿಸಲೂ ಹೋಗಬೇಡಿ. ಸಾಲದವರು ಮನೆಯಿಂದ ಹೋಗುತ್ತಾರೆ, ತುಡಿತ ಅಲ್ಲೇ ಇರುತ್ತದೆ, ಕೈಗೆ ಮತ್ತೆ ಸಾಲ ಸಿಗುತ್ತದೆ. ಪಟ್ಟಿ ಮಾಡಿ, ಕಂತು ಗೊತ್ತುಮಾಡಿ. ಬ್ಯಾಂಕಿನಲ್ಲಿ ಹೇಳಿ ದಿನದ ವರ್ಗಾವಣೆಯ ಮಿತಿ ಇಳಿಸಬಹುದು. ಸಂಬಳದ ಖಾತೆಯನ್ನು ಕೆಲವು ತಿಂಗಳು ಇನ್ನೊಬ್ಬರು ನೋಡಿಕೊಳ್ಳುವುದನ್ನು ಶಿಕ್ಷೆಯಾಗಿ ಮಾಡಬೇಡಿ, ಅವರನ್ನೇ ಕೇಳಿ ಒಪ್ಪಿಸಿ.

ಮಾತ್ರೆಯ ಡಬ್ಬಿಯನ್ನೂ ನೋಡಿ

ಇದು ನನ್ನ ಕಸುಬಿನ ಮಾತು, ಸ್ವಲ್ಪ ಉದ್ದವಾಗಬಹುದು. ಬೀದರ್ ಕಡೆಯ ಮಗನೊಬ್ಬ ತಂದೆಯನ್ನು ನರರೋಗ ತಜ್ಞರಿಗೆ ತೋರಿಸಿ, ಚೀಟಿ ಹಿಡಿದು ಬಂದಿದ್ದ. ತಂದೆ ನಿವೃತ್ತ ಮೇಷ್ಟ್ರು, ಪಾರ್ಕಿನ್ಸನ್ ಕಾಯಿಲೆ. ಇಸ್ಪೀಟು ಮುಟ್ಟದಿದ್ದವರು ಒಂದು ವರ್ಷದಿಂದ ಫೋನಿನಲ್ಲಿ ರಮ್ಮಿ ಆಡಿ ಪಿಂಚಣಿ ಕಳೆಯುತ್ತಿದ್ದರು. “ವಯಸ್ಸಾದ ಮ್ಯಾಲ ಬುದ್ಧಿ ಕೆಟ್ಟದ ನೋಡ್ರಿ” ಎಂದ ಮಗ, ಹೇಳಲು ನಾಚಿ ವೈದ್ಯರ ಮುಂದೆ ಆ ಮಾತೇ ಎತ್ತಿರಲಿಲ್ಲ. ಚೀಟಿಯಲ್ಲಿ ಪ್ರಮಿಪೆಕ್ಸೋಲ್ ಇತ್ತು.

ಪ್ರಮಿಪೆಕ್ಸೋಲ್, ರೋಪಿನಿರೋಲ್ ಎಂಬ ಔಷಧಗಳು ಮಿದುಳಿನಲ್ಲಿ ಡೋಪಮಿನ್‌ನಂತೆ ಕೆಲಸ ಮಾಡುತ್ತವೆ. ಪಾರ್ಕಿನ್ಸನ್‌ಗೆ, ರಾತ್ರಿ ಕಾಲು ಎಳೆದಂತಾಗಿ ನಿದ್ರೆಗೆಡಿಸುವ ತೊಂದರೆಗೆ ಕೊಡುತ್ತಾರೆ. ಕೈಕಾಲಿನ ಚಲನೆಗೆ ಬೇಕಾದ ಡೋಪಮಿನ್ ‘ಇನ್ನೂ ಬೇಕು’ ಎನ್ನಿಸುವ ಜಾಲದಲ್ಲೂ ಕೆಲಸ ಮಾಡುತ್ತದೆ. ಅಮೆರಿಕ, ಕೆನಡಾಗಳ 46 ಕೇಂದ್ರಗಳಲ್ಲಿ 3,090 ಪಾರ್ಕಿನ್ಸನ್ ರೋಗಿಗಳನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಗುಂಪಿನ ಔಷಧ ತೆಗೆದುಕೊಳ್ಳುವವರಲ್ಲಿ 17.1% ಜನರಿಗೆ ಜೂಜು, ಮಿತಿಮೀರಿದ ಖರೀದಿ, ತಿನ್ನುವ ಚಪಲ ಅಥವಾ ಲೈಂಗಿಕ ತುಡಿತದ ಸಮಸ್ಯೆ ಇತ್ತು. ತೆಗೆದುಕೊಳ್ಳದವರಲ್ಲಿ ಅದು 6.9%. ಮನೋರೋಗಗಳಿಗೆ ಕೊಡುವ ಅರಿಪಿಪ್ರಜೋಲ್ ಬಗ್ಗೆಯೂ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರ ಮೇ ತಿಂಗಳಲ್ಲಿ ಇಂಥದೇ ಎಚ್ಚರಿಕೆ ಕೊಟ್ಟಿತು. ಎಲ್ಲರಿಗೂ ಹೀಗಾಗುವುದಿಲ್ಲ. ಆದವರಲ್ಲಿ ಮಾತ್ರೆ ಶುರುವಾದ ಎಷ್ಟೋ ತಿಂಗಳ ನಂತರ, ಡೋಸ್ ಹೆಚ್ಚಿದ ಮೇಲೂ ಕಾಣಿಸಿಕೊಳ್ಳಬಹುದು. ಆದ್ದರಿಂದ ಎರಡಕ್ಕೂ ಸಂಬಂಧವಿದೆ ಎಂದು ಯಾರಿಗೂ ಹೊಳೆಯುವುದಿಲ್ಲ.

ಇದನ್ನು ಓದಿ ಇವತ್ತೇ ಮಾತ್ರೆ ನಿಲ್ಲಿಸಬೇಡಿ. ಪಾರ್ಕಿನ್ಸನ್ ಔಷಧವನ್ನು ಥಟ್ಟನೆ ಬಿಟ್ಟರೆ ತೀವ್ರ ಆತಂಕ, ಖಿನ್ನತೆ, ಮೈ ಬಿಗಿತ, ಕೆಲವೊಮ್ಮೆ ಜೀವಕ್ಕೆ ಅಪಾಯವಾಗುವ ಜ್ವರವೂ ಬರಬಹುದು. ಡೋಸ್ ನಿಧಾನವಾಗಿ ಇಳಿಸುವುದು ಅಥವಾ ಬದಲಿಸುವುದು ವೈದ್ಯರ ಕೆಲಸ, ಮತ್ತು ಹಾಗೆ ಮಾಡಿದಾಗ ಹೆಚ್ಚಿನವರಲ್ಲಿ ತುಡಿತ ಇಳಿಯುತ್ತದೆ. ಮೇಷ್ಟ್ರ ಮಗನನ್ನು ವಾಪಸ್ ವೈದ್ಯರ ಬಳಿಗೆ ಕಳಿಸಿದೆ. “ಆಟ ಯಾವಾಗ ಶುರುವಾಯಿತು, ಮಾತ್ರೆ ಯಾವಾಗ ಶುರುವಾಯಿತು, ಡೋಸ್ ಯಾವಾಗ ಏರಿಸಿದರು” ಎಂಬ ಮೂರು ತಾರೀಖುಗಳನ್ನು ಚೀಟಿಯ ಹಿಂದೆ ಬರೆದುಕೊಂಡು ಹೋದ.

ಇನ್ನು ಆ ಹೆಣ್ಣುಮಗಳ ಪ್ರಶ್ನೆ. ಜೂಜಿನ ಚಟಕ್ಕೆಂದೇ ಮಂಜೂರಾದ ಮಾತ್ರೆ ಇಲ್ಲ. ಮದ್ಯ ಬಿಡಲು ಕೊಡುವ ನಾಲ್ಟ್ರೆಕ್ಸೋನ್ ಅನ್ನು ಕೆಲವು ಮನೋವೈದ್ಯರು ಕೊಡುತ್ತಾರೆ, ಕೆಲವರಿಗೆ ಉಪಯೋಗವೂ ಆಗುತ್ತದೆ. ಲಿವರ್ ತೊಂದರೆ ಇದ್ದರೆ, ಟ್ರಮಡಾಲ್‌ನಂಥ ನೋವಿನ ಮಾತ್ರೆ ನುಂಗುತ್ತಿದ್ದರೆ ಮೊದಲೇ ತಿಳಿಸಬೇಕು. ಮುಖ್ಯ ಚಿಕಿತ್ಸೆ ಮಾತಿನ ಚಿಕಿತ್ಸೆಯೇ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನ್ ಮತ್ತು ಇಂಟರ್‌ನೆಟ್ ಬಳಕೆ ಹಿಡಿತ ತಪ್ಪಿದವರಿಗಾಗಿ ‘ಶಟ್’ ಕ್ಲಿನಿಕ್ ಇದೆ. ಹೈದರಾಬಾದಿನಲ್ಲಿ ಎರ್ರಗಡ್ಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಎಲ್ಲಿಗೂ ಹೋಗಲಾಗದ ರಾತ್ರಿಗೆ ಟೆಲಿ-ಮನಸ್ ಸಂಖ್ಯೆ 14416: ಉಚಿತ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೂ ಮಾತನಾಡಬಹುದು.

ಸಾಲದ ಒತ್ತಡದಲ್ಲಿರುವವರು “ನಾನಿಲ್ಲದಿದ್ದರೆ ಎಲ್ಲ ಸರಿಹೋಗುತ್ತದೆ” ಎನ್ನುವಂಥ ಮಾತಾಡಿದರೆ ಅದನ್ನು ನಾಟಕವೆಂದು ತಳ್ಳಿಹಾಕಬೇಡಿ. “ಸಾಯಬೇಕು ಅನ್ನಿಸುತ್ತಿದೆಯಾ?” ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಬ್ಬರನ್ನೇ ಬಿಡದೆ, ಮನೆಯಲ್ಲಿರುವ ಮಾತ್ರೆ, ಕೀಟನಾಶಕಗಳನ್ನು ಕೈಗೆ ಸಿಗದಂತೆ ಎತ್ತಿಟ್ಟು, ಅವರ ಪಕ್ಕದಲ್ಲೇ ಕೂತು 14416ಕ್ಕೆ ಫೋನ್ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ.